ನೀರು ನಮಗೆ, ಗಸಿ ಯಾರಿಗೆ?

ಲೋಕದಲ್ಲಿ ಕೆಲವು ಪದಾರ್ಥಗಳ ಹೆಸರು ಹೇಳಲಿಕ್ಕೇ ಸಭ್ಯಸ್ಥರು ನಾಚುತ್ತಾರೆ. ಶೌಚದ ಗುಂಡಿಗಳನ್ನು ಖಾಲಿ ಮಾಡುವ ಟ್ಯಾಂಕರಿಗೆ ಬೆಂಗಳೂರಿನ ಇಂಗ್ಲಿಷ್ ಬಲ್ಲವರು ‘ಹನಿ ಸಕ್ಕರ್’ ಎಂದು ಹೆಸರಿಟ್ಟಿದ್ದಾರೆ. ಅಂದರೆ ಜೇನು ಹೀರುವ ಗಾಡಿ! ಸರ್ಕಾರಿ ಕಡತದಲ್ಲಿ ಅದೇ ಪದಾರ್ಥ ‘ಮಲತ್ಯಾಜ್ಯ’ ಎಂಬ ಸಂಸ್ಕೃತದ ಶಾಲು ಹೊದ್ದು ಕೂರುತ್ತದೆ. ಇಂಜಿನಿಯರುಗಳು ‘ಸ್ಲಡ್ಜ್’ ಅನ್ನುತ್ತಾರೆ. ನಮ್ಮ ಕಡೆಯ ರೈತ ಮಾತ್ರ ಇದ್ದುದರಲ್ಲಿ ಪ್ರಾಮಾಣಿಕ. ಅವನು ಅದನ್ನು ಗೊಬ್ಬರ ಎಂದೇ ಕರೆಯುತ್ತಾನೆ. ಅವನ ತೊಂದರೆ ಇರುವುದು ಬೇರೆ ಕಡೆ. ಅದು ಗೊಬ್ಬರ ಆಗುವುದಕ್ಕೆ ಮೊದಲೇ ಅವನು ಅದನ್ನು ಗೊಬ್ಬರ ಎಂದು ಕರೆದುಬಿಡುತ್ತಾನೆ. ಈ ಲೇಖನದಲ್ಲಿ ನಾನು ಅದನ್ನು ಗಸಿ ಎಂದು ಕರೆಯುತ್ತೇನೆ. ಕೊಳಚೆ ನೀರು ನಿಂತಾಗ ತಳದಲ್ಲಿ ಉಳಿಯುವ ಕಪ್ಪು ಚರಟ, ಅಷ್ಟೆ.

ನಾನು ಮೂವತ್ತು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಹೇಳಿದವನು. ಗೌರಿಬಿದನೂರಿನಲ್ಲಿ ಒಂಬತ್ತು ವರ್ಷ, ಚಿಂತಾಮಣಿಯಲ್ಲಿ ಹನ್ನೊಂದು, ಮಿಕ್ಕದ್ದು ಚಿಕ್ಕಬಳ್ಳಾಪುರದ ಸುತ್ತಮುತ್ತ. ಈಗ ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿಯಲ್ಲಿ ಮೂರೂವರೆ ಎಕರೆ ಇಟ್ಟುಕೊಂಡು ಹಿಪ್ಪುನೇರಳೆ ಬೆಳೆಯುತ್ತೇನೆ, ಹುಳು ಸಾಕುತ್ತೇನೆ. ಈ ನಾಲ್ಕು ಊರುಗಳ ನೀರು ಕುಡಿದವನು, ನಾಲ್ಕು ಊರುಗಳ ಚರಂಡಿಯನ್ನೂ ದಾಟಿ ಓಡಾಡಿದವನು. ಹಾಗಾಗಿ ಈ ವಿಷಯದಲ್ಲಿ ಜಗಳ ಆಡುವ ಹಕ್ಕು ನನಗೆ ಸ್ವಲ್ಪ ಇದೆ ಎಂದುಕೊಂಡಿದ್ದೇನೆ.

ನಮ್ಮದು ನದಿ ಹುಟ್ಟುವ, ಆದರೆ ಹರಿಯದ ನಾಡು. ನಂದಿ ಬೆಟ್ಟದ ಸುತ್ತ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಅರ್ಕಾವತಿ, ಚಿತ್ರಾವತಿಗಳ ಹೆಸರನ್ನು ಮಕ್ಕಳು ಭೂಗೋಳದ ಪರೀಕ್ಷೆಗೆ ಬಾಯಿಪಾಠ ಮಾಡುತ್ತಾರೆ. ಹೊಲಕ್ಕೆ ನೀರು ಬರುವುದು ಸಾವಿರ, ಸಾವಿರದ ಐನೂರು ಅಡಿ ಆಳದ ಬೋರಿನಿಂದ, ಅದೂ ಬಂದರೆ. ಇಂಥ ಸೀಮೆಗೆ ಬೆಂಗಳೂರು ತಾನು ಬಳಸಿ ಬಿಟ್ಟ ನೀರನ್ನು ಕಳಿಸಿತು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ಯೋಜನೆಯಲ್ಲಿ ದಿನಕ್ಕೆ 44 ಕೋಟಿ ಲೀಟರ್ ನೀರು ಕೋಲಾರ ಜಿಲ್ಲೆಯ ಕೆರೆಗಳಿಗೆ, ಚಿಂತಾಮಣಿ ತಾಲ್ಲೂಕಿನ ಕೆಲವು ಕೆರೆಗಳಿಗೆ ಎಂದು ಲೆಕ್ಕ ಹಾಕಿದರು. ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್, 65 ಕೆರೆಗಳಿಗೆ ಎಂದರು. ಅದರಲ್ಲಿ ಹೆಚ್ಚಿನ ಕೆರೆಗಳು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯವು. 2018ರ ಜೂನ್‌ನಲ್ಲಿ ಮೊದಲ ನೀರು ಕೋಲಾರದ ಲಕ್ಷ್ಮೀಸಾಗರ ಕೆರೆಗೆ ಬಂತು. ಮುಂದಿನ ತಿಂಗಳೇ ಕೆರೆಯಲ್ಲಿ ನೊರೆ ಎದ್ದಿತು. ಹೈಕೋರ್ಟ್ ತಡೆ ಕೊಟ್ಟಿತು, ಆಮೇಲೆ ತೆರವು ಮಾಡಿತು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು, ಏಪ್ರಿಲ್‌ನಲ್ಲಿ ಅದೂ ತೆರವಾಯಿತು. ನೀರು ಹರಿಯಿತು. ಆಂಜನೇಯ ರೆಡ್ಡಿಯವರಂಥ ನೀರಾವರಿ ಹೋರಾಟಗಾರರು ಎರಡು ಹಂತದ ಶುದ್ಧೀಕರಣ ಸಾಲದು, ಮೂರನೇ ಹಂತ ಬೇಕು ಎಂದು ವರ್ಷಗಟ್ಟಲೆ ಕೂಗಿದರು. ಆ ಕೂಗು ನ್ಯಾಯವಾದದ್ದು.

ಆದರೆ ಈ ಗದ್ದಲದಲ್ಲೆಲ್ಲ ಒಂದು ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ. ನೀರು ನಮಗೆ ಬಂತು, ಸರಿ. ಗಸಿ ಎಲ್ಲಿಗೆ ಹೋಯಿತು?

ಕೊಳಚೆ ನೀರನ್ನು ಶುದ್ಧ ಮಾಡುವುದು ಎಂದರೇನೆಂದು ಸ್ವಲ್ಪ ನೋಡಿ. ದೊಡ್ಡ ತೊಟ್ಟಿಯಲ್ಲಿ ಕೊಳಚೆ ತುಂಬಿ ಗಾಳಿ ಊದುತ್ತಾರೆ. ಆ ಗಾಳಿಯಲ್ಲಿ ಬ್ಯಾಕ್ಟೀರಿಯಾಗಳು ಹಬ್ಬದೂಟ ಮಾಡುತ್ತವೆ. ಕೊಳೆಯನ್ನು ತಿಂದು, ಕೊಬ್ಬಿ, ಒಂದಕ್ಕೆ ಹತ್ತಾಗಿ, ಕಡೆಗೆ ಮುದ್ದೆಯಾಗಿ ತಳಕ್ಕೆ ಇಳಿಯುತ್ತವೆ. ಮೇಲಿನ ತಿಳಿಯನ್ನು ಪೈಪಿಗೆ ಬಿಡುತ್ತಾರೆ. ತಳದ್ದು ಗಸಿ. ಅಂದರೆ ಗಸಿಯ ಬಹುಪಾಲು ಈ ಬ್ಯಾಕ್ಟೀರಿಯಾಗಳ ದೇಹಗಳೇ. ನೀರಿನಲ್ಲಿದ್ದ ಸಾರವೂ ಅದರಲ್ಲೇ, ಕಾರ್ಖಾನೆಗಳು ಕದ್ದು ಬಿಟ್ಟ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂಗಳ ದೊಡ್ಡ ಪಾಲೂ ಅದರಲ್ಲೇ. ನೀರು ಎಷ್ಟು ತಿಳಿಯಾಗುತ್ತದೋ ಗಸಿ ಅಷ್ಟು ಭಾರವಾಗುತ್ತದೆ. ನೀರಿನ ಲೆಕ್ಕ ಕೊಟ್ಟು ಗಸಿಯ ಲೆಕ್ಕ ಕೊಡದಿದ್ದರೆ ಅದು ಅರ್ಧ ಲೆಕ್ಕ. ಅರ್ಧ ಲೆಕ್ಕ ಬರೆದ ಹುಡುಗನಿಗೆ ನಾನು ಯಾವತ್ತೂ ಪೂರ್ತಿ ಅಂಕ ಕೊಟ್ಟಿಲ್ಲ.

ಗಸಿಯನ್ನು ಕಂಡರೆ ಓಡಿಹೋಗಬೇಕು ಎಂದು ನಾನು ಹೇಳುತ್ತಿಲ್ಲ. ನನ್ನ ಮಾತು ಅದಕ್ಕೆ ಉಲ್ಟಾ. ಗಸಿಯನ್ನು ಸರಿಯಾಗಿ ಕೊಳೆಸಿದರೆ ಅದರಷ್ಟು ಒಳ್ಳೆಯ ಗೊಬ್ಬರ ಈ ಸೀಮೆಯ ಕೆಂಪು ಮಣ್ಣಿಗೆ ಸಿಗುವುದು ಕಷ್ಟ. ಹಿಂದೆ ಬೇಸಿಗೆಯಲ್ಲಿ ಕೆರೆಗೋಡು ಹೊಡೆಯುತ್ತಿದ್ದರು, ಮನೆಮನೆಗೆ ತಿಪ್ಪೆ ಇತ್ತು. ಈಗ ದನಗಳು ಕಡಿಮೆಯಾಗಿವೆ, ತಿಪ್ಪೆಯ ಜಾಗದಲ್ಲಿ ಸೈಟುಗಳಾಗಿವೆ. ಮಣ್ಣಿನಿಂದ ಎತ್ತಿದ್ದನ್ನೆಲ್ಲ ಬೆಂಗಳೂರಿಗೆ ಕಳಿಸುತ್ತೇವೆ, ಮಣ್ಣಿಗೆ ವಾಪಸ್ಸು ಬರುವುದು ಚೀಲದ ಗೊಬ್ಬರ ಮಾತ್ರ. ಆ ಚೀಲದೊಳಗಿನ ಪೊಟ್ಯಾಷ್ ಹೆಚ್ಚುಕಡಿಮೆ ಪೂರ್ತಿ ಹೊರದೇಶದ್ದು. ರಂಜಕದ ಕಲ್ಲನ್ನೂ ಬಹುಪಾಲು ಹಡಗಿನಲ್ಲೇ ತರಿಸಬೇಕು. ಹಡಗಿನಲ್ಲಿ ಬಂದ ರಂಜಕವನ್ನು ಟೊಮೆಟೊಗೆ ಹಾಕಿ, ಟೊಮೆಟೊ ತಿಂದು, ಶೌಚದ ಗುಂಡಿಗೆ ಇಳಿಸಿ, ಗುಂಡಿಯಿಂದ ಹಳ್ಳಕ್ಕೆ ಸುರಿದು, ಮತ್ತೆ ಹಡಗಿಗೆ ಕಾಯುವ ಈ ವ್ಯವಹಾರಕ್ಕೆ ಅಭಿವೃದ್ಧಿ ಎಂದು ಹೆಸರು.

ಇದಕ್ಕೆ ದಾರಿಯನ್ನು ಅಮೆರಿಕದಿಂದ ತರಿಸಬೇಕಾಗಿಲ್ಲ. ನಮ್ಮಿಂದ ಅರುವತ್ತು ಎಪ್ಪತ್ತು ಕಿಲೋಮೀಟರ್ ದೂರದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1939ರಲ್ಲೇ ಸಿ.ಎನ್. ಆಚಾರ್ಯ ಎಂಬ ವಿಜ್ಞಾನಿ ಊರ ಕಸವನ್ನೂ ಮಲವನ್ನೂ ಸೇರಿಸಿ ಗೊಬ್ಬರ ಮಾಡುವ ಒಂದು ಕ್ರಮವನ್ನು ರೂಪಿಸಿದರು. ಲೋಕದ ಪಠ್ಯಪುಸ್ತಕಗಳಲ್ಲಿ ಅದರ ಹೆಸರೇ ‘ಬೆಂಗಳೂರು ಪದ್ಧತಿ’. ಅದಕ್ಕೂ ಮೊದಲು ಆಲ್ಬರ್ಟ್ ಹೋವರ್ಡ್ ಮತ್ತು ಯಶವಂತ ವಾಡ್ ಅವರದು ಇಂದೋರ್ ಪದ್ಧತಿ. ಆಚಾರ್ಯರ ಕ್ರಮ ಬಹಳ ಸರಳ. ಊರಿನಿಂದ ಅರ್ಧ ಮೈಲಿಗೂ ಆಚೆ ಮೂರು ಅಡಿ ಆಳದ ಉದ್ದನೆಯ ಗುಂಡಿ. ತಳಕ್ಕೆ ಅರ್ಧ ಅಡಿ ಕಸ, ಅದರ ಮೇಲೆ ಎರಡು ಅಂಗುಲ ಮಲ. ಮತ್ತೆ ಕಸ, ಮತ್ತೆ ಮಲ. ಗುಂಡಿ ತುಂಬಿ ನೆಲದಿಂದ ಒಂದಡಿ ಮೇಲೆ ಬಂದಾಗ ಕಸದ ದಪ್ಪ ಹೊದಿಕೆ, ಅದರ ಮೇಲೆ ಅಗೆದ ಮಣ್ಣು. ಮೇಲೆ ನಡೆದರೆ ಕಾಲು ಹೂತುಹೋಗದ ಹಾಗೆ ಬಿಗಿಯಾಗಿರಬೇಕು. ನಾಲ್ಕರಿಂದ ಆರು ತಿಂಗಳಿಗೆ ಗೊಬ್ಬರ. ಬೆಂಗಳೂರಿನ ಹೆಸರು ಹೊತ್ತ ಈ ಪದ್ಧತಿಯನ್ನು ಕುರಿತು ಬೆಂಗಳೂರಿನವರನ್ನೇ ಕೇಳಿ ನೋಡಿ, ನೂರಕ್ಕೆ ತೊಂಬತ್ತೊಂಬತ್ತು ಮಂದಿ ಅದೇನು ಹೊಸ ಹೋಟೆಲೇ ಎನ್ನುತ್ತಾರೆ.

ಆ ಗುಂಡಿಯೊಳಗೆ ಕೆಲಸ ಮಾಡುವವರು ಯಾರು? ಮಣ್ಣಿನ ಬ್ಯಾಕ್ಟೀರಿಯಾಗಳು. ಒಂದು ಚಿಟಿಕೆ ಹೊಲದ ಮಣ್ಣಿನಲ್ಲಿ ಅವು ಕೋಟಿಗಟ್ಟಲೆ ಇರುತ್ತವೆ. ರಾಶಿ ಹಾಕಿದ ಮೊದಲ ದಿನಗಳಲ್ಲಿ ಸಾಮಾನ್ಯ ಹವೆಯಲ್ಲಿ ಬದುಕುವ ಜಾತಿಗಳು ಸಕ್ಕರೆ, ಪಿಷ್ಟಗಳನ್ನು ಮುಕ್ಕುತ್ತವೆ. ಅವು ಉಂಡ ಬಿಸಿಗೆ ರಾಶಿ ಕಾಯುತ್ತದೆ. ನಲವತ್ತೈದು ಡಿಗ್ರಿ ದಾಟಿದಾಗ ಅವು ಹಿಂದೆ ಸರಿದು ಬಿಸಿಯನ್ನೇ ಮೆಚ್ಚುವ ಬೇರೆ ಜಾತಿಗಳು ಏಳುತ್ತವೆ. ಇವುಗಳಲ್ಲಿ ಬ್ಯಾಸಿಲಸ್ ಕುಲದವೇ ಜಾಸ್ತಿ. ರಾಶಿ ಅರುವತ್ತು ಡಿಗ್ರಿಗೆ ಏರುತ್ತದೆ. ಕೈ ಇಟ್ಟರೆ ಚುರ್ ಎನ್ನುತ್ತದೆ. ಈ ಬಿಸಿಯೇ ರೋಗಾಣುಗಳಿಗೆ ಯಮ. ಆಮೇಲೆ ರಾಶಿ ತಣಿಯುತ್ತದೆ. ಆಗ ಆಕ್ಟಿನೊಮೈಸಿಟ್ಸ್ ಎಂಬ, ಬೂದಿ ಚೆಲ್ಲಿದ ಹಾಗೆ ಕಾಣುವ ಬ್ಯಾಕ್ಟೀರಿಯಾಗಳು ಗಟ್ಟಿ ನಾರನ್ನು ಬಿಡಿಸುತ್ತವೆ. ಮೊದಲ ಮಳೆಗೆ ಹೊಲದಿಂದ ಏಳುವ ಪರಿಮಳ ಇದೆಯಲ್ಲ, ಅದು ಇವುಗಳದೇ. ಹುಟ್ಟಿದ್ದು ಶೌಚದ ಗುಂಡಿಯಲ್ಲಾದರೂ ಸರಿಯಾಗಿ ಬೆಂದ ಗೊಬ್ಬರ ಮುಂಗಾರಿನ ವಾಸನೆ ಕೊಡುತ್ತದೆ. ಕೆಟ್ಟ ವಾಸನೆ ಇನ್ನೂ ಬರುತ್ತಿದೆಯೆಂದರೆ ಅದು ಗೊಬ್ಬರವಾಗಿಲ್ಲ ಎಂದೇ ಅರ್ಥ. ಇದಕ್ಕಿಂತ ಸುಲಭದ ಪರೀಕ್ಷೆ ಬೇಕೆ?

ಈ ಜೀವಿಗಳು ಕೇಳುವುದು ನಾಲ್ಕೇ. ಹಿಂಡಿದರೆ ಒಂದೆರಡು ಹನಿ ಬರುವಷ್ಟು ತೇವ, ಉಸಿರಾಡಲು ಗಾಳಿ, ಸಮಯ, ಮತ್ತು ಸಾರಜನಕ ಒಂದು ಪಾಲಿದ್ದರೆ ಇಂಗಾಲ ಇಪ್ಪತ್ತೈದು ಮೂವತ್ತು ಪಾಲು. ಗಸಿಯಲ್ಲಿ ಇಂಗಾಲ ಸಾರಜನಕದ ಹತ್ತು ಪಟ್ಟೂ ಇರುವುದಿಲ್ಲ. ಅದಕ್ಕೇ ಗಸಿಯನ್ನು ಒಂಟಿಯಾಗಿ ಬಿಟ್ಟರೆ ಸಾರಜನಕ ಅಮೋನಿಯಾ ಆಗಿ ಮೂಗಿಗೆ ಬಡಿಯುತ್ತದೆ. ಕಡ್ಡಿ, ಸೊಪ್ಪು, ಹುಲ್ಲು ಸೇರಿಸಬೇಕು. ಗಾಳಿಯಾಡದ ಆಚಾರ್ಯರ ಗುಂಡಿ ನಿಧಾನ, ಆದರೆ ಕೂಲಿ ಕಡಿಮೆ. ನೆಲದ ಮೇಲೆ ರಾಶಿ ಹಾಕಿ ತಿರುವುತ್ತಿದ್ದರೆ ಬೇಗ, ಆದರೆ ಮೈಮುರಿಯಬೇಕು. ಅಮೆರಿಕದ ಪರಿಸರ ಇಲಾಖೆ 1993ರಲ್ಲಿ ಮಾಡಿದ ನಿಯಮದ ಪ್ರಕಾರ ತಿರುವುವ ರಾಶಿ ಹದಿನೈದು ದಿನ 55 ಡಿಗ್ರಿಗೆ ಕಡಿಮೆಯಾಗದ ಹಾಗೆ ಕಾಯಬೇಕು, ಅಷ್ಟರಲ್ಲಿ ಐದು ಸಲ ತಿರುವಬೇಕು. ಹೊರಗಿದ್ದದ್ದು ಒಳಗೆ ಹೋಗಿ ಬೇಯಲಿ ಎಂದು. ನಮ್ಮ ಹೆಂಗಸರು ರಾಗಿ ಮುದ್ದೆ ತಿರುವುವುದೂ ಇದೇ ಕಾರಣಕ್ಕೆ.

ಇನ್ನು ನನ್ನ ಜಗಳಗಳಿಗೆ ಬರುತ್ತೇನೆ.

ಮೊದಲನೆಯ ಜಗಳ ನಮ್ಮ ರೈತ ಬಾಂಧವರ ಮೇಲೆಯೇ. ಹೋದ ಬೇಸಿಗೆಯಲ್ಲಿ ಒಬ್ಬ ಸಕ್ಕಿಂಗ್ ಗಾಡಿಯ ಡ್ರೈವರ್ ನಮ್ಮೂರ ಗೇಟಿನಲ್ಲಿ ಟೀ ಕುಡಿಯುತ್ತ ಸಿಕ್ಕಿದ. ನನ್ನ ಹಳೆಯ ವಿದ್ಯಾರ್ಥಿ.

“ಎಲ್ಲಿಗಪ್ಪಾ ಸುರೀತೀಯ ಇದನ್ನ?” ಎಂದೆ.

“ಕೇಳಿದೋರ ಹೊಲಕ್ಕೆ ಮೇಷ್ಟ್ರೇ. ಯಾರೂ ಕೇಳ್ದಿದ್ರೆ ಹಳ್ಳಕ್ಕೆ. ಇನ್ನೆಲ್ಲಿ ಸುರೀಲಿ, ನೀವೇ ಹೇಳಿ?”

ಅವನ ಪ್ರಶ್ನೆಗೆ ನಮ್ಮ ತಾಲ್ಲೂಕಿನಲ್ಲಿ ಉತ್ತರವಿಲ್ಲ. ಅವನನ್ನು ಬೈದು ಪ್ರಯೋಜನವೂ ಇಲ್ಲ. ಆದರೆ ಕೇಳಿ ಸುರಿಸಿಕೊಳ್ಳುವವರನ್ನು ಬೈಯಬೇಕು. ಹಸಿ ಗಸಿಯನ್ನು ನೇರ ಹೊಲಕ್ಕೆ ಬಿಟ್ಟರೆ ಗಿಡ ದಟ್ಟ ಹಸಿರಾಗಿ ಏಳುವುದು ನಿಜ. ಜೊತೆಗೆ ಜಂತುಹುಳುವಿನ ಮೊಟ್ಟೆಗಳೂ ಹೊಲಕ್ಕೆ ಬರುತ್ತವೆ. ಬಿಸಿ ತಾಗದಿದ್ದರೆ ಆ ಮೊಟ್ಟೆ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತ ಕೂರುತ್ತದೆ. ಬರಿಗಾಲಲ್ಲಿ ಕಳೆ ಕೀಳುವ ಹೆಂಗಸರಿಗೆ ಕೊಕ್ಕೆಹುಳ, ಹೊಲದ ಬದುವಿನಲ್ಲೇ ಮೂಲಂಗಿ ಕಿತ್ತು ತಿನ್ನುವ ಮಕ್ಕಳಿಗೆ ಜಂತುಹುಳ. ಸರ್ಕಾರ 2015ರಿಂದ ಜಂತುಹುಳು ನಿವಾರಣಾ ದಿನ ಎಂದು ಮಾಡಿ ಶಾಲೆ, ಅಂಗನವಾಡಿಗಳಲ್ಲಿ ಆಲ್ಬೆಂಡಜೋಲ್ ಮಾತ್ರೆ ನುಂಗಿಸುತ್ತಿದೆ. ಮಗು ಮಧ್ಯಾಹ್ನ ಶಾಲೆಯಲ್ಲಿ ಮಾತ್ರೆ ನುಂಗುತ್ತದೆ, ಸಂಜೆ ಅಪ್ಪನ ಹೊಲದಲ್ಲಿ ಮೊಟ್ಟೆ ನುಂಗುತ್ತದೆ. ಆತುರಗಾರನಿಗೆ ಬುದ್ಧಿ ಮಟ್ಟ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟ ಸಲಹೆಯಂತೆ ನಮ್ಮಂಥ ಬೆಚ್ಚನೆಯ ಸೀಮೆಯಲ್ಲಿ ಮಲವನ್ನು ಹೊಸದು ಸೇರಿಸದೆ ಒಣಗಲು ಬಿಟ್ಟು ಒಂದು ವರ್ಷಕ್ಕೆ ಮೇಲ್ಪಟ್ಟು ಇಡಬೇಕು. ಬಿಸಿಯೇರಿಸಿ ಬೇಯಿಸಿದರೆ ಕೆಲವೇ ತಿಂಗಳು. ಏನೂ ಮಾಡದೆ ನಾಳೆ ಬೆಳಿಗ್ಗೆ ಬೇಕು ಎನ್ನುವವನಿಗೆ ವಿಜ್ಞಾನದಲ್ಲಿ ದಾರಿಯಿಲ್ಲ.

ಎರಡನೆಯ ಜಗಳ ಬಾಟಲಿಯವರ ಮೇಲೆ. ಇವರು ಮೋಟರ್ ಸೈಕಲ್ಲಿನಲ್ಲಿ ಬರುತ್ತಾರೆ, ಇಸ್ತ್ರಿ ಷರ್ಟು, ಕೈಯಲ್ಲಿ ಬಣ್ಣದ ಕರಪತ್ರ. ಒಬ್ಬ ನನ್ನ ಹುಳುಮನೆಯ ಮುಂದೆ ಕೂತು ಅರ್ಧ ಗಂಟೆ ಉಪದೇಶ ಮಾಡಿದ.

“ಸಾರ್, ಇದರಲ್ಲಿ ಎಂಬತ್ತು ಜಾತಿ ಒಳ್ಳೇ ಬ್ಯಾಕ್ಟೀರಿಯಾ ಇವೆ. ಒಂದು ಬಾಟಲಿ ಗುಂಡಿಗೆ ಹಾಕಿ, ಏಳೇ ದಿನಕ್ಕೆ ಗೊಬ್ಬರ.”

“ಎಂಬತ್ತು ಬೇಡಪ್ಪಾ, ನಾಲ್ಕು ಹೆಸರು ಹೇಳು.”

ಅವನು ಕರಪತ್ರ ತಿರುವಿದ. ಹೆಸರಿರಲಿಲ್ಲ.

“ಹೋಗಲಿ, ಗಸಿಯಲ್ಲಿ ಸೀಸ, ಕ್ಯಾಡ್ಮಿಯಂ ಇದ್ದರೆ?”

“ಅದನ್ನೂ ತಿಂದುಬಿಡ್ತವೆ ಸಾರ್!”

ಎಂಟನೇ ತರಗತಿಯ ಹುಡುಗನಿಗೂ ಗೊತ್ತಿರಬೇಕಾದ ಮಾತು ಇದು. ಸೀಸ ಒಂದು ಮೂಲವಸ್ತು. ಅದನ್ನು ಯಾವ ಬ್ಯಾಕ್ಟೀರಿಯಾವೂ ಇಲ್ಲವಾಗಿಸಲಾರದು. ಅದರ ರೂಪ ಬದಲಾಗಬಹುದು, ಬೇರೊಂದಕ್ಕೆ ಅಂಟಿಕೊಳ್ಳಬಹುದು, ಆದರೆ ಇದ್ದದ್ದು ಇದ್ದೇ ಇರುತ್ತದೆ. ಇನ್ನೂ ಕೆಟ್ಟ ಸಂಗತಿ ಏನೆಂದರೆ, ರಾಶಿ ಕೊಳೆತು ತೂಕ ಅರ್ಧವಾದಾಗ ಸೀಸ ಮಾತ್ರ ಇದ್ದಷ್ಟೇ ಇರುವುದರಿಂದ ಕಿಲೋಗೆ ಇಷ್ಟು ಎಂಬ ಲೆಕ್ಕದಲ್ಲಿ ಅದು ಎರಡರಷ್ಟಾಗುತ್ತದೆ.

ಬ್ಯಾಕ್ಟೀರಿಯಾ ಸೇರಿಸುವುದೇ ತಪ್ಪೆಂದು ನಾನು ವಾದಿಸುತ್ತಿಲ್ಲ. ಅಜೊಟೊಬ್ಯಾಕ್ಟರ್, ಅಜೋಸ್ಪಿರಿಲಮ್ ಗಾಳಿಯ ಸಾರಜನಕವನ್ನು ಹಿಡಿದು ಕೊಡುತ್ತವೆ. ರಂಜಕ ಕರಗಿಸುವ ಬ್ಯಾಕ್ಟೀರಿಯಾಗಳು ಮಣ್ಣಿನಲ್ಲಿ ಕಟ್ಟಿಹಾಕಿಕೊಂಡ ರಂಜಕವನ್ನು ಬೇರಿಗೆ ಬಿಡಿಸಿಕೊಡುತ್ತವೆ. ಇವನ್ನು ಕೃಷಿ ವಿಶ್ವವಿದ್ಯಾಲಯದವರು ವರ್ಷಗಳಿಂದ ಜೈವಿಕ ಗೊಬ್ಬರ ಎಂದು ಕೊಡುತ್ತ ಬಂದಿದ್ದಾರೆ. ಆದರೆ ಇವನ್ನು ಬಿಸಿ ರಾಶಿಗೆ ಮೊದಲ ದಿನವೇ ಸುರಿದರೆ ಅರುವತ್ತು ಡಿಗ್ರಿಯಲ್ಲಿ ಬೆಂದುಹೋಗುತ್ತವೆ. ರಾಶಿ ತಣಿದ ಮೇಲೆ ಸೇರಿಸಬೇಕು, ತೇವ ಆರದ ಹಾಗೆ ನೋಡಿಕೊಳ್ಳಬೇಕು. ಈ ಒಂದು ವಾಕ್ಯ ಆ ಬಣ್ಣದ ಕರಪತ್ರದಲ್ಲಿ ಇರಲಿಲ್ಲ. ಇನ್ನು ಮೊದಲ ದಿನದ ಕೆಲಸಕ್ಕೆ ಬೇಕಾದ ಬ್ಯಾಕ್ಟೀರಿಯಾ? ಒಂದು ಮಂಕರಿ ಹಳೆಯ ಗೊಬ್ಬರ, ಹೊಂಗೆ ಮರದ ಬುಡದ ಒಂದು ಬೊಗಸೆ ಮಣ್ಣು, ಒಂದು ಬಕೆಟ್ ಸಗಣಿ ನೀರು. ದುಡ್ಡು ಕೊಡದೆ ಸಿಗುತ್ತದೆ ಎಂಬ ಒಂದೇ ಕಾರಣಕ್ಕೆ ನಮಗೆ ಅದರಲ್ಲಿ ನಂಬಿಕೆ ಬರುವುದಿಲ್ಲ. ಹಿತ್ತಲ ಗಿಡ ಮದ್ದಲ್ಲ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಬದುಕಿಡೀ ಪ್ರಶ್ನೆ ಕೇಳುವುದನ್ನು ಕಲಿಸಿದರು. ಪವಾಡ ಮಾಡುವವರನ್ನು ಪ್ರಶ್ನಿಸುವುದನ್ನು ಅವರಿಂದ ಕಲಿತ ನಮ್ಮ ಜನ ಬಾಟಲಿಯ ಪವಾಡವನ್ನು ಏಕೆ ಪ್ರಶ್ನಿಸುವುದಿಲ್ಲ?

ಮೂರನೆಯ ಜಗಳ ಬೆಂಗಳೂರಿನ ಮೇಲೆ. ನಮ್ಮ ಸಣ್ಣ ಊರಿನ ಮನೆಗಳ ಗುಂಡಿಯ ಗಸಿ ಬೇರೆ, ಮಹಾನಗರದ ಒಳಚರಂಡಿಯ ಗಸಿ ಬೇರೆ. ಮನೆಯ ಗುಂಡಿಯಲ್ಲಿರುವುದು ಮುಖ್ಯವಾಗಿ ನಾವು ತಿಂದದ್ದು. ಮಹಾನಗರದ ಚರಂಡಿಗೆ ಕಾರ್ಖಾನೆಯದು, ಗ್ಯಾರೇಜಿನದು, ಲೋಹಕ್ಕೆ ಬಣ್ಣ ಕಟ್ಟುವವರದು, ಎಲ್ಲ ಸೇರಬಹುದು. ಅದು ಗೊಬ್ಬರವಾಗಬಹುದೋ ಇಲ್ಲವೋ ಎಂಬುದನ್ನು ಪ್ರಯೋಗಶಾಲೆ ಹೇಳಬೇಕೇ ವಿನಾ ಮಂತ್ರಿಗಳಲ್ಲ. ನಮ್ಮ ದೇಶದಲ್ಲೇ ನಗರ ಕಾಂಪೋಸ್ಟಿಗೆ ಅಳತೆ ಕಟ್ಟಿದ್ದಾರೆ. ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಒಂದು ಕಿಲೋದಲ್ಲಿ ಕ್ಯಾಡ್ಮಿಯಂ 5 ಮಿಲಿಗ್ರಾಂ, ಕ್ರೋಮಿಯಂ 50, ನಿಕಲ್ 50, ಸೀಸ 100 ಮಿಲಿಗ್ರಾಂ ಮೀರಬಾರದು. ಪಾದರಸ 0.15 ಮಿಲಿಗ್ರಾಂ. ರೋಗಾಣು ಇರಲೇಬಾರದು. ಈ ಅಂಕಿಗಳನ್ನು ಮನೆಯ ಗೋಡೆಗೆ ಬರೆದಿಟ್ಟುಕೊಳ್ಳಿ.

ಹೊರದೇಶದ ಎರಡು ಕಥೆಗಳೂ ನಮಗೆ ಬೇಕು. ಅಮೆರಿಕದ ಮಿಲ್ವಾಕಿ ನಗರ ತನ್ನ ಗಸಿಯನ್ನು ಒಣಗಿಸಿ ‘ಮಿಲೋರ್ಗನೈಟ್’ ಎಂಬ ಹೆಸರಿನಲ್ಲಿ 1926ರಿಂದ ಮಾರುತ್ತ ಬಂದಿದೆ. ಅದೇ ಅಮೆರಿಕದ ಮೇನ್ ರಾಜ್ಯ 2022ರಲ್ಲಿ ಗಸಿಯನ್ನು ಹೊಲಕ್ಕೆ ಹಾಕುವುದನ್ನೇ ನಿಷೇಧಿಸಿತು. ಕಾರಣ, ಅಂಟದ ಬಾಣಲೆ, ನೀರು ಹಿಡಿಯದ ಬಟ್ಟೆ ಮುಂತಾದವುಗಳಲ್ಲಿ ಬಳಸುವ, ಎಂದೂ ಕೊಳೆಯದ ಒಂದು ಬಗೆಯ ರಾಸಾಯನಿಕಗಳು ಗಸಿಯ ಮೂಲಕ ಹೊಲಕ್ಕೆ, ಹಾಲಿಗೆ, ಬಾವಿಗೆ ಇಳಿದಿದ್ದವು. ರೈತರ ಬದುಕು ಹಾಳಾಯಿತು. ಮಿಲ್ವಾಕಿಯನ್ನು ತೋರಿಸಿ ಗಸಿ ಅಮೃತ ಎನ್ನುವವರೂ, ಮೇನ್ ತೋರಿಸಿ ಗಸಿ ವಿಷ ಎನ್ನುವವರೂ ಅರ್ಧ ಕಥೆ ಹೇಳುತ್ತಿದ್ದಾರೆ. ಗಸಿ ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಅದು ಊರಿನ ಜಾತಕ. ಊರು ಏನು ಬಳಸುತ್ತದೋ ಅದೇ ಗಸಿಯಲ್ಲಿರುತ್ತದೆ.

ಶಿಡ್ಲಘಟ್ಟದವರಿಗೆ ಇದು ಇನ್ನೂ ಚೆನ್ನಾಗಿ ಅರ್ಥವಾಗಬೇಕು. ಹುಳು ಸುಳ್ಳು ಹೇಳುವುದಿಲ್ಲ. ನಾಲ್ಕು ಜ್ವರ ದಾಟಿ ಹಣ್ಣಾಗಿ ಚಂದ್ರಿಕೆಗೆ ಏರುವ ತನಕ ಅದು ತಿನ್ನುವುದು ಹಿಪ್ಪುನೇರಳೆ ಸೊಪ್ಪು ಒಂದನ್ನೇ. ಸೊಪ್ಪಿನಲ್ಲಿ ದೋಷವಿದ್ದರೆ ಮನುಷ್ಯನ ಹಾಗೆ ಇಪ್ಪತ್ತು ವರ್ಷ ಆದ ಮೇಲೆ ಅದಕ್ಕೆ ಕಾಯಿಲೆ ಬರುವುದಿಲ್ಲ, ಮನೆಯಲ್ಲಿ ಆ ಬೆಳೆಯೇ ಹೋಗುತ್ತದೆ. ಇಡೀ ಊರು ಗೂಡಿನ ಮಾರುಕಟ್ಟೆಯನ್ನು ನಂಬಿ ಬದುಕಿರುವಾಗ ಮಣ್ಣಿನ ಮೇಲೆ ಪರೀಕ್ಷೆಯಿಲ್ಲದ್ದನ್ನು ಸುರಿಸಿಕೊಳ್ಳುವುದು ಜೂಜು.

ನಾಲ್ಕನೆಯ ಜಗಳ ಎಲ್ಲಕ್ಕಿಂತ ದೊಡ್ಡದು, ‘ಛೀ’ ಎನ್ನುವವರ ಮೇಲೆ. ಪುರಸಭೆಯವರು ಒಂದು ಗೊಬ್ಬರದ ಅಂಗಳ ಮಾಡುತ್ತೇವೆಂದರೆ ಸಾಕು, ನಮ್ಮ ಬಡಾವಣೆಯ ಹತ್ತಿರ ಬೇಡ ಎಂದು ಅರ್ಜಿ ಹಿಡಿದು ಬರುವ ಪುಣ್ಯಾತ್ಮರು ಇವರು. ಇವರ ಮನೆಯದೂ ಅದೇ ಟ್ಯಾಂಕರಿನಲ್ಲಿ ಹೋಗುತ್ತದೆ. ಎಲ್ಲಿಗೆ ಹೋಯಿತೆಂದು ಇವರು ಕೇಳುವುದಿಲ್ಲ. ಏಕೆಂದರೆ ಅದನ್ನು ಎತ್ತುವುದಕ್ಕೆಂದೇ ಒಂದು ಜಾತಿಯನ್ನು ಹುಟ್ಟಿನಿಂದ ನೇಮಿಸಿದ ದೇಶ ನಮ್ಮದು. ನಾನು ಹೊಗಳಿದ 1939ರ ಆ ಪದ್ಧತಿಯ ಗುಂಡಿಗಳಿಗೂ ಮಲ ತಾನಾಗಿಯೇ ನಡೆದು ಬರಲಿಲ್ಲ, ಯಾರದೋ ತಲೆಯ ಮೇಲಿನ ಬಕೆಟ್ಟಿನಿಂದ ಬಂತು. ಅದನ್ನು ಹೇಳದೆ ಆಚಾರ್ಯರ ಗೊಬ್ಬರವನ್ನು ಮಾತ್ರ ಹೊಗಳಿದರೆ ಅದು ಇನ್ನೊಂದು ಅರ್ಧ ಲೆಕ್ಕ. ತಲೆಯ ಮೇಲೆ ಮಲ ಹೊರುವುದನ್ನು ನಮ್ಮ ರಾಜ್ಯದಲ್ಲಿ ಎಪ್ಪತ್ತರ ದಶಕದಲ್ಲಿ ನಿಲ್ಲಿಸಲು ಹೊರಟವರು ದೇವರಾಜ ಅರಸು ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು. ಕೇಂದ್ರದ ಕಾಯ್ದೆ ಬಂದದ್ದು 1993ರಲ್ಲಿ, ಇನ್ನೂ ಗಟ್ಟಿಯಾದದ್ದು 2013ರಲ್ಲಿ. ಗುಂಡಿಗಿಳಿದು ಸತ್ತವರ ಮನೆಗೆ ಹತ್ತು ಲಕ್ಷ ಕೊಡಬೇಕೆಂದು 2014ರಲ್ಲಿ, ಮೂವತ್ತು ಲಕ್ಷ ಕೊಡಬೇಕೆಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ಮೊತ್ತ ಏರಿತು ಎಂಬುದೇ ಸಾವು ನಿಲ್ಲಲಿಲ್ಲ ಎಂಬುದಕ್ಕೆ ಸಾಕ್ಷಿ. ಗೊಬ್ಬರ ಎಷ್ಟೇ ಚಿನ್ನವಾಗಲಿ, ಅದಕ್ಕಾಗಿ ಒಬ್ಬ ಮನುಷ್ಯ ಗುಂಡಿಗೆ ಇಳಿಯಬೇಕಾದರೆ ಅಂಥ ಗೊಬ್ಬರ ಬೇಡ. ಯಂತ್ರ ಇಳಿಯಲಿ, ಪಂಪು ಎಳೆಯಲಿ. ರಾಶಿ ತಿರುವುವವನಿಗೆ ಬೂಟು, ಗವಸು, ಸ್ನಾನದ ಮನೆ, ಪೂರ್ತಿ ಸಂಬಳ ಇರಲಿ. ಆ ಕೆಲಸಕ್ಕೆ ಎಲ್ಲ ಜಾತಿಯವರೂ ಅರ್ಜಿ ಹಾಕುವ ದಿನ ಗೊಬ್ಬರ ನಿಜವಾಗಿ ಶುದ್ಧವಾಯಿತು ಎಂದು ನಾನು ಒಪ್ಪುತ್ತೇನೆ.

ಇದೆಲ್ಲ ಆಗುವ ಮಾತೇ ಎಂದು ಕೇಳಬಹುದು. ಚಿಕ್ಕಬಳ್ಳಾಪುರದಿಂದ ಬಸ್ಸು ಹತ್ತಿದರೆ ಮುಕ್ಕಾಲು ಗಂಟೆಯೊಳಗೆ ದೇವನಹಳ್ಳಿ. ಅಲ್ಲಿ 2015ರಲ್ಲಿ ಬೆಂಗಳೂರಿನ ಸಿ.ಡಿ.ಡಿ. ಸೊಸೈಟಿಯವರ ನೆರವಿನಿಂದ ಪುರಸಭೆ ಒಂದು ಘಟಕ ಶುರು ಮಾಡಿತು. ದಿನಕ್ಕೆ ಆರು ಸಾವಿರ ಲೀಟರ್ ಗಸಿಗೆಂದು ಕಟ್ಟಿದ್ದು. ಇಡೀ ಊರಿನ ಗುಂಡಿಗಳ ಗಸಿಗೆಂದೇ ದೇಶದಲ್ಲಿ ಎದ್ದ ಮೊದಮೊದಲ ಘಟಕಗಳಲ್ಲಿ ಇದೂ ಒಂದು. ಅದರ ಏರ್ಪಾಡು ಸರಳ. ಟ್ಯಾಂಕರು ಬಂದು ತೊಟ್ಟಿಗೆ ಸುರಿಯುತ್ತದೆ. ಗಾಳಿಯಿಲ್ಲದ ತೊಟ್ಟಿಯಲ್ಲಿ ಗಸಿ ಹುಳಿತು ಪಕ್ವವಾಗುತ್ತದೆ. ಮರಳು, ಜಲ್ಲಿಯ ಹಾಸಿನ ಮೇಲೆ ಒಣಗುತ್ತದೆ. ಬಸಿದ ನೀರು ಸಸಿ ನೆಟ್ಟ ಜಲ್ಲಿಯ ಮೂಲಕ ಹಾದು ಹೋಗುತ್ತದೆ. ಒಣಗಿದ ಗಸಿಯನ್ನು ಊರಿನ ಹಸಿ ಕಸದೊಂದಿಗೆ ಸೇರಿಸಿ ಕಾಂಪೋಸ್ಟ್ ಮಾಡುತ್ತಾರೆ. ಆಚಾರ್ಯರ ಗುಂಡಿಯೇ, ಮೊಮ್ಮಗನ ವೇಷದಲ್ಲಿ.

ಗಸಿಯಲ್ಲಿ ಕಮ್ಮಿ ಇರುವ ಇಂಗಾಲ ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ರಾಶಿ ಬಿದ್ದಿದೆ. ಶಿಡ್ಲಘಟ್ಟದಲ್ಲಿ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿ. ಚಿಕ್ಕಬಳ್ಳಾಪುರದಲ್ಲಿ ವರ್ಷಕ್ಕೆರಡು ಸಲ ಚಾಟನಿ ಮಾಡಿ ಬದುವಿನಲ್ಲಿ ಸುಡುವ ದ್ರಾಕ್ಷಿ ಬಳ್ಳಿ. ಗೌರಿಬಿದನೂರಿನಲ್ಲಿ ಮುಸುಕಿನ ಜೋಳದ ಕಡ್ಡಿ. ಚಿಂತಾಮಣಿ ಮಾರುಕಟ್ಟೆಯಲ್ಲಿ ಟೊಮೆಟೊ ಬೆಲೆ ಬಿದ್ದ ದಿನ ರಸ್ತೆಗೆ ಸುರಿಯುವ ಹಣ್ಣು ನೀರಿನ ಮುದ್ದೆ, ಇಂಗಾಲ ಕಮ್ಮಿ, ಆದರೆ ಒಣ ಕಡ್ಡಿಗೆ ತೇವವಾಗಿ ಒದಗುತ್ತದೆ. ನಾಲ್ಕು ಸಾವಿರ ಲೀಟರಿನ ಒಂದು ಟ್ಯಾಂಕರಿನಲ್ಲಿ ನೂರಕ್ಕೆ ಮೂರು ಪಾಲು ಗಟ್ಟಿ ಇದೆಯೆಂದು ಹಿಡಿದರೂ ಸಿಗುವುದು ಒಣ ಗಸಿ ನೂರಿಪ್ಪತ್ತು ಕಿಲೋ. ಮಿಕ್ಕದ್ದು ನೀರು. ಅದಕ್ಕೇ ಮೊದಲು ಒಣಗಿಸುವ ಹಾಸು ಬೇಕು, ಆಮೇಲೆ ರಾಶಿ. ಯಂತ್ರಕ್ಕಿಂತ ಹೆಚ್ಚಾಗಿ ಇದಕ್ಕೆ ಬೇಕಾದದ್ದು ಒಂದೆರಡು ಎಕರೆ ಜಾಗ, ಒಂದು ಥರ್ಮಾಮೀಟರ್, ಒಂದು ರಿಜಿಸ್ಟರ್, ಅದನ್ನು ನಿಯತ್ತಾಗಿ ಬರೆಯುವ ಒಬ್ಬ ಗುಮಾಸ್ತ.

ಹೈದರಾಬಾದಿನ ಒಳಚರಂಡಿಯನ್ನು ರೂಪಿಸಿದವರು ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು. ಅವರ ಹುಟ್ಟೂರಿನ ತಾಲ್ಲೂಕಿನಲ್ಲಿ ಟ್ಯಾಂಕರ್ ಡ್ರೈವರು ಹಳ್ಳ ಹುಡುಕುತ್ತ ಅಲೆಯುವುದು ನಮಗೆ ಶೋಭೆಯಲ್ಲ. ವರ್ಷಕ್ಕೊಮ್ಮೆ ಅವರ ಪ್ರತಿಮೆಗೆ ಹಾರ ಹಾಕುವ ಖರ್ಚಿನಲ್ಲಿ ನಾಲ್ಕು ಥರ್ಮಾಮೀಟರ್ ಬರುತ್ತವೆ.

ಆದ್ದರಿಂದ ಓದುಗ ಮಹಾಶಯರಲ್ಲಿ ನನ್ನ ಬೇಡಿಕೆ ಇಷ್ಟು. ನಾಲ್ಕು ಪಟ್ಟಣಗಳಿಗೂ ಒಂದೊಂದು ಗೊಬ್ಬರದ ಅಂಗಳ ಕೇಳಿ. ಪ್ರತಿ ಟ್ಯಾಂಕರಿಗೂ ಸುರಿಯುವ ಜಾಗ ಗೊತ್ತು ಮಾಡಿಸಿ, ಸುರಿದಿದ್ದಕ್ಕೆ ಚೀಟಿ ಕೇಳಿ. ಬೆಂದ ಗೊಬ್ಬರವನ್ನೂ ಮೊದಲ ವರ್ಷಗಳಲ್ಲಿ ಮರಗಿಡಗಳಿಗೆ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪು, ಮೂಲಂಗಿ, ಕ್ಯಾರೆಟ್ಟಿಗೆ ಬೇಡ. ಬೆಂಗಳೂರಿನಿಂದ ಒಂದು ಲಾರಿ ಗಸಿಗೊಬ್ಬರ ನಿಮ್ಮ ಊರ ಗೇಟಿಗೆ ಬಂದರೆ ಮೊದಲು ಲೋಹದ ಪರೀಕ್ಷೆಯ ವರದಿ ತೋರಿಸು ಎನ್ನಿ, ಆಮೇಲೆ ಡೋರ್ ತೆಗೆಸಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು, ನಮಗೆ ನೀರು ಕಳಿಸುವ ಘಟಕಗಳ ಗಸಿ ತಿಂಗಳಿಗೆ ಎಷ್ಟು ಟನ್, ಅದರಲ್ಲಿ ಏನಿದೆ, ಎಲ್ಲಿಗೆ ಹೋಯಿತು ಎಂದು ಬರವಣಿಗೆಯಲ್ಲಿ ಉತ್ತರ ಕೇಳಿ. ಮಣ್ಣಿನ ಬ್ಯಾಕ್ಟೀರಿಯಾಗಳು ತಮ್ಮ ಪಾಲಿನ ಕೆಲಸವನ್ನು ಕೂಲಿ ಕೇಳದೆ ಮಾಡಿಯೇ ಮಾಡುತ್ತವೆ. ಕೆಲಸ ಬಾಕಿ ಇರುವುದು ಮನುಷ್ಯರ ಪಾಲಿನದು.